ಗಣಿ ನಿಂತಿತು, ಹೊಣೆ ಉಳಿಯಿತು

ಶಾಂತಿಗ್ರಾಮದ ಸೀಮೆಯವರಾದ ನಮಗೆ ಹೇಮಾವತಿಯೆಂದರೆ ಗೊರೂರಿನ ಅಣೆಕಟ್ಟು. ಆದರೆ ಅದರ ಮೂಲವಿರುವುದು ಚಿಕ್ಕಮಗಳೂರಿನ ಮಲೆಗಳಲ್ಲಿ. ಅಲ್ಲಿಯ ಹುಲ್ಲುಗಾವಲೂ ಶೋಲಾ ಕಾಡೂ ಮಳೆಯ ನೀರನ್ನು ನೆಲದೊಳಕ್ಕೆ ಇಂಗಿಸಿ, ಬೇಸಗೆಯಲ್ಲಿ ಒರತೆಗಳಾಗಿ ಹೊರಬಿಡುತ್ತವೆ. ಮಲೆಯ ಮೇಲ್ಮೈಯನ್ನು ಕೆರೆದರೆ ಏನಾಗುವುದೆಂಬುದಕ್ಕೆ ಅದೇ ಜಿಲ್ಲೆಯ ಭದ್ರಾನದಿಯೇ ಸಾಕ್ಷಿ.

ಭದ್ರೆಯ ಉಗಮದ ಸಮೀಪ, ಕುದುರೆಮುಖದಲ್ಲಿ ಕಬ್ಬಿಣದ ಅದಿರನ್ನು ತೆಗೆಯಲು 1976ರಲ್ಲಿ ಸರಕಾರಿ ಸಂಸ್ಥೆಯೊಂದು ಸ್ಥಾಪಿತವಾಯಿತು. ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಆದಕಾರಣ ಕಲ್ಲನ್ನು ನುಣ್ಣಗೆ ಅರೆದು, ಕಬ್ಬಿಣವನ್ನು ಬೇರ್ಪಡಿಸಿ, ನೀರಿನೊಡನೆ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ರಾಡಿಯನ್ನು ತಡೆಯಲು ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಿದರು. ಆದರೆ ಹಸಿರನ್ನು ಕಳೆದುಕೊಂಡ ಬೆಟ್ಟದ ಮಣ್ಣನ್ನು ಮುಂಗಾರಿನಲ್ಲಿ ಹಿಡಿದು ನಿಲ್ಲಿಸುವವರು ಯಾರು? ಅದು ಭದ್ರೆಗಿಳಿದು ನದಿಯನ್ನು ಕೆಂಪಾಗಿಸಿತು. ಲಕ್ಕವಳ್ಳಿಯ ಜಲಾಶಯಕ್ಕೆ ಸೇರುವುದೂ ಇದೇ ನೀರು. ಅದನ್ನು ನಂಬಿದ ಗದ್ದೆ ತೋಟಗಳು ಅಸಂಖ್ಯ.

ಪರಿಸರಪ್ರೇಮಿಗಳು ನ್ಯಾಯಾಲಯದ ಮೊರೆಹೊಕ್ಕರು. ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ತೀರ್ಪಿತ್ತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆದರೆ ರಾಡಿಯ ರಾಶಿ ಲಕ್ಯಾ ಕಟ್ಟೆಯ ಹಿಂದೆ ಇಂದಿಗೂ ಇದೆ. ಅದಿರು ಮಾರಿ ಬಂದ ಹಣದ ಲೆಕ್ಕ ಎಂದೋ ಮುಗಿದಿರಬಹುದು. ಆ ಕಟ್ಟೆಯನ್ನು ಮಾತ್ರ ಪ್ರತಿಯೊಂದು ಮಳೆಗಾಲದಲ್ಲಿಯೂ ಕಾಯಲೇಬೇಕು, ನಮ್ಮ ಮೊಮ್ಮಕ್ಕಳ ಕಾಲದಲ್ಲಿಯೂ.