ಒಂದು ಹಲ್ಲಿನ ಲೆಕ್ಕ

ಗಾಡಿಗೆ ಹುಲ್ಲು ಹೇರುವುದನ್ನು ನೋಡಿ ಬೆಳೆದವರಿಗೆ ಎರಡು ಪದ ಗೊತ್ತಿರುತ್ತವೆ: ಮುಂಭಾರ, ಹಿಂಭಾರ. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಅದುಮುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ಜತ್ತಿಗೆ ಎತ್ತಿನ ಗಂಟಲು ಹಿಡಿಯುತ್ತದೆ. ಹೇರಿದ ಹುಲ್ಲು ಎರಡು ಸಲವೂ ಅಷ್ಟೇ. ಅದು ಅಚ್ಚಿನ ಯಾವ ಕಡೆ ಕೂತಿತು ಎಂಬುದೇ ಮುಖ್ಯ.

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಪೆಟ್ರೋಲ್ ಎಂಜಿನ್ ಇಳಿಸಿ, ಮೋಟರು ಮತ್ತು ಬ್ಯಾಟರಿ ಕೂಡಿಸುವ ಗ್ಯಾರೇಜುಗಳಲ್ಲಿ ನಡೆಯುವುದೂ ಇದೇ ತಕರಾರು. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನಲ್ಲಿರುವ ಇವಿ ವೆಸ್ಟ್‌ನಂಥ ಕಾರ್ಯಾಗಾರಗಳು ಈ ಪರಿವರ್ತನೆಯನ್ನು ಒಂದು ಕಸುಬಾಗಿಯೇ ಬೆಳೆಸಿವೆ. ನೋಡಲು ಬಂದವರು ಕೇಳುವ ಪ್ರಶ್ನೆ ಎರಡೇ: ಎಷ್ಟು ಕಿಲೋಮೀಟರ್ ಓಡುತ್ತದೆ, ಎಷ್ಟು ಜೋರಾಗಿ ಓಡುತ್ತದೆ. ಕಾರಿನ ಹಿಂಭಾಗ ನೆಲದಿಂದ ಎಷ್ಟು ಎತ್ತರದಲ್ಲಿ ನಿಂತಿದೆ ಎಂದು ಬಗ್ಗಿ ನೋಡುವವರು ಕಡಿಮೆ. ನನ್ನ ಮಟ್ಟಿಗೆ ಇಡೀ ಕೆಲಸದ ಜಾಣ್ಮೆ ಇರುವುದು ಅಲ್ಲಿಯೇ.

ಬೀಟಲ್ ಒಂದು ವಿಚಿತ್ರ ಕಾರು. 1938ರಿಂದ 2003ರವರೆಗೆ ಎರಡು ಕೋಟಿ ಹದಿನೈದು ಲಕ್ಷಕ್ಕೂ ಹೆಚ್ಚು ತಯಾರಾದವು. ಕೊನೆಯದು ಮೆಕ್ಸಿಕೋದ ಪುಯೆಬ್ಲಾದಲ್ಲಿ ಹೊರಬಂತು. ಗಾಳಿಯಿಂದಲೇ ತಣಿಯುವ ಅದರ ಎಂಜಿನ್ ಬಾಲದಲ್ಲಿದೆ, ಅದೂ ಹಿಂದಿನ ಚಕ್ರಗಳಿಗಿಂತ ಹಿಂದೆ. ಹಾಗಾಗಿ ಹುಟ್ಟಿನಿಂದಲೇ ಹಿಂಭಾರದ ಗಾಡಿ. ಅದನ್ನು ಹೊರುವುದಕ್ಕೆ ನಮ್ಮ ಅಂಬಾಸಿಡರಿನಲ್ಲಿದ್ದಂಥ ಕಮಾನು ಪಟ್ಟಿಯಿಲ್ಲ, ಸುರುಳಿ ಸ್ಪ್ರಿಂಗೂ ಇಲ್ಲ. ಇರುವುದು ಎರಡಡಿಗೆ ಸ್ವಲ್ಪ ಕಡಿಮೆ ಉದ್ದದ ಎರಡು ಉಕ್ಕಿನ ಸರಳು, ಅಂದರೆ ಟಾರ್ಷನ್ ಬಾರ್. ಫರ್ಡಿನಂಡ್ ಪೋರ್ಷೆ 1931ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಏರ್ಪಾಡು ಇದು. ಹಿಂದಿನ ಸೀಟಿನ ಕೆಳಗೆ ಅಡ್ಡಲಾಗಿ ಒಂದು ಕೊಳವೆ. ಅದರೊಳಗೆ ಎಡಕ್ಕೊಂದು, ಬಲಕ್ಕೊಂದು ಸರಳು. ಒಳತುದಿ ಕೊಳವೆಯ ನಡುವೆ ಕಚ್ಚಿಕೊಂಡು ಅಲುಗಾಡದೆ ಕೂತಿರುತ್ತದೆ. ಹೊರತುದಿಗೆ ಒಂದು ಚಪ್ಪಟೆ ಉಕ್ಕಿನ ಪಟ್ಟಿ ಸಿಕ್ಕಿಕೊಂಡು ಹಿಂದಕ್ಕೆ ಚಾಚಿ ಚಕ್ರವನ್ನು ಹಿಡಿದಿರುತ್ತದೆ. ಚಕ್ರ ಗುಂಡಿಗೆ ಬಿದ್ದೆದ್ದಾಗ ಪಟ್ಟಿ ಮೇಲೇಳುತ್ತದೆ, ಬಟ್ಟೆ ಹಿಂಡಿದ ಹಾಗೆ ಸರಳು ತಿರುಚಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ.

ಈಗ ಎಂಜಿನ್ ಇಳಿಸಿ ನೋಡಿ. ನೂರು ಕಿಲೋ ಆಸುಪಾಸಿನ ಭಾರ ಹೋಯಿತು. ಅದರ ಜಾಗಕ್ಕೆ ಬರುವ ಮೋಟರು ಬಹುಪಾಲು ಅದರ ಅರ್ಧದಷ್ಟು ತೂಗುತ್ತದೆ. ಬಾಲ ಹಗುರಾಗಿ ಮೇಲೇಳುತ್ತದೆ. ಆಮೇಲೆ ಬ್ಯಾಟರಿಯ ಸರದಿ. ಅಪಘಾತದಲ್ಲಿ ಜಖಂಗೊಂಡ ಟೆಸ್ಲಾ ಕಾರುಗಳಿಂದ ಬಿಚ್ಚಿದ ಪೆಟ್ಟಿಗೆಗಳನ್ನು ಬಳಸುವುದು ಅಲ್ಲಿ ವಾಡಿಕೆ. ಒಂದೊಂದೂ ಸುಮಾರು 25 ಕಿಲೋ. ಐದು ಪೆಟ್ಟಿಗೆ ಎಂದರೆ 125 ಕಿಲೋ. ಕೆಲವನ್ನು ಮುಂದೆ ಪೆಟ್ರೋಲ್ ಟ್ಯಾಂಕಿದ್ದ ಜಾಗದಲ್ಲಿ, ಉಳಿದವನ್ನು ಹಿಂದಿನ ಸೀಟಿನ ಕೆಳಗೆ ಇಡುತ್ತಾರೆ. ಸೀಟಿನ ಕೆಳಗಿನದ್ದು ಅಚ್ಚಿಗಿಂತ ಮುಂದೆ ಬೀಳುತ್ತದೆ, ಎಂಜಿನ್ ಅಚ್ಚಿಗಿಂತ ಹಿಂದೆ ತೂಗುತ್ತಿತ್ತು. ಹಾಗಾಗಿ ತಕ್ಕಡಿಯಲ್ಲಿ ಹೋದದ್ದೂ ಬಂದದ್ದೂ ಸಮವಾದರೂ ಕಾರು ಮೊದಲಿನ ಹಾಗೆ ನಿಲ್ಲುವುದಿಲ್ಲ.

ನಿಲ್ಲದಿದ್ದರೆ ಏನಂತೆ, ಒಂದಿಂಚು ಎತ್ತರವಿದ್ದರೆ ಕೆಸರಿನಲ್ಲಿ ಅನುಕೂಲವೇ ಅಲ್ಲವೆ ಎನ್ನಬಹುದು. ಬೇರೆ ಕಾರಾಗಿದ್ದರೆ ಸರಿ. ಹಳೆಯ ಬೀಟಲ್‌ನ ಹಿಂದಿನ ಆಕ್ಸಲ್‌ಗೆ ಪ್ರತಿ ಪಕ್ಕಕ್ಕೆ ಒಂದೇ ಕೀಲು, ಗೇರ್‌ಬಾಕ್ಸಿನ ಮಗ್ಗುಲಲ್ಲಿ. ಹಕ್ಕಿಯ ರೆಕ್ಕೆಯ ಹಾಗೆ ಇಡೀ ಆಕ್ಸಲ್ ಆ ಕೀಲಿನಿಂದ ಮೇಲೆ ಕೆಳಗೆ ಆಡುತ್ತದೆ. ಇದಕ್ಕೆ ಸ್ವಿಂಗ್ ಆಕ್ಸಲ್ ಎಂದು ಹೆಸರು. ಬಾಲ ಎತ್ತರವಾದಷ್ಟೂ ಚಕ್ರಗಳ ಪಾದ ಒಳಕ್ಕೆ ಸರಿದು, ತಲೆ ಹೊರಕ್ಕೆ ವಾಲುತ್ತದೆ. ಆ ಸ್ಥಿತಿಯಲ್ಲಿ ವೇಗವಾಗಿ ತಿರುವು ತೆಗೆದುಕೊಂಡರೆ ಹೊರಗಡೆಯ ಚಕ್ರ ಕಾರಿನಡಿ ಮಡಿಸಿಕೊಂಡು ಹಿಂಭಾಗವನ್ನು ಇನ್ನಷ್ಟು ಮೇಲೆತ್ತಬಹುದು. ಇಂಥದೇ ಆಕ್ಸಲ್ ಇದ್ದ ಅಮೆರಿಕದ ಕಾರ್ವೇರ್ ಕಾರನ್ನು ರಾಲ್ಫ್ ನೇಡರ್ 1965ರ ತಮ್ಮ ಪುಸ್ತಕದಲ್ಲಿ ಹಿಡಿದು ಜಾಡಿಸಿದ್ದರು.

ಇದಕ್ಕೆ ಹಳೆಯ ಮದ್ದುಗಳಿವೆ. ಗೇರ್‌ಬಾಕ್ಸಿನ ಕೆಳಗೆ ಅಡ್ಡಲಾಗಿ ಒಂದು ಕಮಾನು ಪಟ್ಟಿ ಕಟ್ಟಿ ಚಕ್ರಗಳು ಮಡಿಸಿಕೊಳ್ಳದಂತೆ ತಡೆಯುವುದು ಒಂದು. ದೊಡ್ಡ ಮದ್ದೆಂದರೆ ಆಕ್ಸಲನ್ನೇ ಬದಲಿಸುವುದು. ಅಮೆರಿಕಕ್ಕೆ ಹೋದ ಬೀಟಲ್‌ಗಳಿಗೆ 1969ರ ಮಾದರಿಯಿಂದ ಪ್ರತಿ ಪಕ್ಕಕ್ಕೆ ಎರಡು ಕೀಲಿನ ಶಾಫ್ಟು ಬಂತು. ಚಕ್ರ ಮೇಲೆ ಕೆಳಗೆ ಆಡಿದರೂ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲತೊಡಗಿತು. ಹಳೆಯ ಕಾರಿಗೆ ಇದನ್ನು ಕೂರಿಸಬೇಕಾದರೆ ಕೊಳವೆಗೆ ಹೊಸ ಬ್ರಾಕೆಟ್ ವೆಲ್ಡ್ ಮಾಡಬೇಕು, ಗೇರ್‌ಬಾಕ್ಸಿಗೂ ಕೈ ಹಾಕಬೇಕು. ವೆಲ್ಡಿಂಗ್ ಕೂದಲೆಳೆಯಷ್ಟು ಸೊಟ್ಟಗಾದರೂ ಕಾರು ಜನ್ಮಪೂರ್ತಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಆದರೂ ಮೋಟರಿನ ಶಕ್ತಿ ನೋಡಿದರೆ ಈ ಖರ್ಚು ದಂಡವಲ್ಲ. ಬೀಟಲ್‌ನ 1600 ಸಿಸಿ ಎಂಜಿನ್ನಿನ ಟಾರ್ಕ್ ನೂರರ ಆಸುಪಾಸು ನ್ಯೂಟನ್ ಮೀಟರ್. ಪರಿವರ್ತನೆಗೆ ಹಾಕುವ ಮೋಟರುಗಳು ಇನ್ನೂರು ದಾಟುವುದು ಸಾಮಾನ್ಯ, ಅದೂ ನಿಂತಲ್ಲಿಂದಲೇ. ಆಕ್ಸಿಲರೇಟರ್ ಬಿಟ್ಟೊಡನೆ ಮೋಟರು ಬ್ಯಾಟರಿಗೆ ಚಾರ್ಜ್ ತುಂಬುತ್ತ ಚಕ್ರವನ್ನು ಹಿಂದಕ್ಕೆ ಜಗ್ಗುತ್ತದೆ. ಹೀಗೆ ಎರಡೂ ಕಡೆಗೆ ಜಗ್ಗಿಸಿಕೊಳ್ಳುವ ಗೇರ್‌ಬಾಕ್ಸಿನ ಹಳೆಯ ರಬ್ಬರ್ ಮೌಂಟಿಂಗುಗಳು ಎಷ್ಟು ದಿನ ತಾಳಿಯಾವು? ಅವನ್ನೂ ಬದಲಿಸುತ್ತಾರೆ.

ಇಷ್ಟಾದ ಮೇಲೆ ಎತ್ತರ ಹೊಂದಿಸುವ ಕೆಲಸ. ತಿರುಗಿಸಲು ನಟ್ಟಿಲ್ಲ, ಬೋಲ್ಟಿಲ್ಲ. ಇರುವುದು ಸರಳಿನ ತುದಿಗಳಲ್ಲಿ ಕೊರೆದ ಹಲ್ಲುಗಳು ಮಾತ್ರ. ಒಳತುದಿಯಲ್ಲಿ 40, ಹೊರತುದಿಯಲ್ಲಿ 44. ಎರಡೂ ಕಡೆ ಒಂದೇ ಸಂಖ್ಯೆ ಏಕಿಲ್ಲ ಎಂಬುದರಲ್ಲೇ ಸ್ವಾರಸ್ಯವಿದೆ. ಹೊರಗಿನ ಒಂದು ಹಲ್ಲು ಸರಿಸಿದರೆ ಪಟ್ಟಿ ಎಂಟು ಡಿಗ್ರಿಗಿಂತ ತುಸು ಹೆಚ್ಚು ವಾಲುತ್ತದೆ. ಚಕ್ರದ ಬಳಿ ಅದು ಎರಡು ಇಂಚಿಗೂ ಮೀರಿದ ವ್ಯತ್ಯಾಸ. ಒಳಗಿನ ಒಂದು ಹಲ್ಲೆಂದರೆ ಸರಿಯಾಗಿ ಒಂಬತ್ತು ಡಿಗ್ರಿ. ಆದರೆ ಒಳಗೆ ಒಂದು ಹಲ್ಲು ಮುಂದಕ್ಕೆ, ಹೊರಗೆ ಒಂದು ಹಲ್ಲು ಹಿಂದಕ್ಕೆ ಇಟ್ಟರೆ? ಒಂದು ಡಿಗ್ರಿಗೂ ಕಡಿಮೆ ಉಳಿಯುತ್ತದೆ, ಚಕ್ರದ ಬಳಿ ಆರು ಮಿಲಿಮೀಟರ್ ಆಸುಪಾಸು. ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ವರ್ನಿಯರ್ ಕ್ಯಾಲಿಪರ್ ಹಿಡಿದು ಬೆವರಿದವರಿಗೆ ಈ ಉಪಾಯದ ಗುರುತು ಹತ್ತೀತು.

ಕೈಗೆ ಬರುವುದು ಮಾತ್ರ ಅಷ್ಟು ಸುಲಭವಲ್ಲ. ಪಟ್ಟಿ ಬಿಚ್ಚುವ ಮೊದಲು ಉಳಿಯಿಂದ ಗುರುತು ಕಚ್ಚು ಹಾಕಬೇಕು, ಇಲ್ಲದಿದ್ದರೆ ಚಕ್ರದ ಅಲೈನ್‌ಮೆಂಟ್ ಕಳೆದುಹೋಗುತ್ತದೆ. ತಿರುಚಿ ಕೂತ ಸರಳಿನ ಬಿಗಿ ಪಟ್ಟಿಯಲ್ಲಿ ಅಡಗಿರುತ್ತದೆ. ಜಾಕ್ ಕೊಟ್ಟು, ಸರಪಳಿ ಬಿಗಿದು, ತಡೆಗಟ್ಟೆಯಿಂದ ಮೆಲ್ಲಗೆ ಇಳಿಸದಿದ್ದರೆ ಅದು ಚಿಮ್ಮಿ ಮುಂಗೈ ಮುರಿಯಬಲ್ಲದು. ರಬ್ಬರ್ ಬುಷ್‌ಗೆ ಗ್ರೀಸ್ ಹಚ್ಚುವಂತಿಲ್ಲ, ಮಗುವಿಗೆ ಹಚ್ಚುವ ಹಾಗೆ ಟಾಲ್ಕಮ್ ಪೌಡರ್ ಹಚ್ಚಬೇಕು. ಎಡದ ಸರಳು ಬಲಕ್ಕಾಗದು. ತಯಾರಾಗುವಾಗಲೇ ಒಂದೊಂದನ್ನು ಒಂದೊಂದು ದಿಕ್ಕಿಗೆ ತಿರುಚಿ ಪಳಗಿಸಿರುತ್ತಾರೆ.

ಭಾರ ತೀರ ಹೆಚ್ಚಾದರೆ ಸರಳನ್ನೇ ದಪ್ಪದ್ದು ಹಾಕುತ್ತಾರೆ. ಇಲ್ಲಿ ಹೊಸಬರು ಎಡವುತ್ತಾರೆ. ಸರಳಿನ ಬಿರುಸು ಅದರ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ: 22 ಮಿಲಿಮೀಟರಿನದು ತೆಗೆದು 24ರದು ಹಾಕಿದರೆ ಕಣ್ಣಿಗೆ ವ್ಯತ್ಯಾಸವೇ ಕಾಣದು, ಬಿರುಸು ಮಾತ್ರ ಶೇಕಡಾ ನಲವತ್ತು ಹೆಚ್ಚಿರುತ್ತದೆ. ಸೊಂಟಕ್ಕೆ ಗೊತ್ತಾಗುತ್ತದೆ. ಸ್ಪ್ರಿಂಗ್ ಬಿರುಸಾದ ಮೇಲೆ ಅದನ್ನು ಹಿಡಿದು ನಿಲ್ಲಿಸುವ ಶಾಕ್ ಅಬ್ಸಾರ್ಬರೂ ಅದಕ್ಕೆ ತಕ್ಕದ್ದೇ ಬೇಕು.

ಕಂಪನಿಯೇ ಈ ಹಾದಿಗೆ ಬಂದದ್ದೂ ಉಂಟು. 2019ರ ಫ್ರಾಂಕ್‌ಫರ್ಟ್ ಮೋಟಾರು ಮೇಳದಲ್ಲಿ ಫೋಕ್ಸ್‌ವ್ಯಾಗನ್, ಇಕ್ಲಾಸಿಕ್ಸ್ ಎಂಬ ಸಂಸ್ಥೆಯ ಜೊತೆಗೂಡಿ ಸಿದ್ಧಪಡಿಸಿದ ವಿದ್ಯುತ್ ಬೀಟಲನ್ನು ತೋರಿಸಿತು. 60 ಕಿಲೋವಾಟ್ ಮೋಟರು, ನೆಲದಡಿಯಲ್ಲಿ 36.8 ಕಿಲೋವಾಟ್ ಗಂಟೆಯ ಬ್ಯಾಟರಿ. ಒಟ್ಟು ತೂಕ 1,280 ಕಿಲೋ, ಹಳೆಯ ಬೀಟಲ್ ಎಂಟುನೂರರ ಸುತ್ತಮುತ್ತ ತೂಗುತ್ತಿತ್ತು. ಷಾಸಿಯನ್ನೂ ಬ್ರೇಕನ್ನೂ ಬಲಪಡಿಸದೆ ಬೇರೆ ದಾರಿಯಿರಲಿಲ್ಲ. ನಮ್ಮಲ್ಲಿ ಇಂಥ ಪರಿವರ್ತನೆಗೆ ಎಐಎಸ್-123 ಎಂಬ ಮಾನದಂಡವಿದೆ. ಅದರಂತೆ ಪರೀಕ್ಷೆಯಾದ ಕಿಟ್ ಬೇಕು, ಆರ್‌ಟಿಓ ಒಪ್ಪಿಗೆ ಬೇಕು. ಮನೆ ಹಿತ್ತಲಲ್ಲಿ ಸ್ಪ್ಯಾನರ್ ಹಿಡಿಯುವ ಮೊದಲು ಇದು ತಿಳಿದಿರಲಿ.

ಕೆಲಸ ಮುಗಿಯಿತು ಎಂದುಕೊಂಡ ದಿನ ಪಳಗಿದ ಮೆಕ್ಯಾನಿಕ್ ಕಾರನ್ನು ಕೊಟ್ಟುಬಿಡುವುದಿಲ್ಲ. ಚಾಲಕನನ್ನು ಕೂರಿಸಿ, ಕಾರನ್ನು ನಾಲ್ಕು ಮಾರು ಹಿಂದೆ ಮುಂದೆ ಉರುಳಿಸುತ್ತಾನೆ. ಜಾಕಿನಿಂದ ಆಗಷ್ಟೇ ಇಳಿದ ಚಕ್ರಗಳು ಮುದುಡಿಕೊಂಡಿರುತ್ತವೆ, ಉರುಳಿದ ಮೇಲೆಯೇ ತಮ್ಮ ನಿಲುವಿಗೆ ಬರುವುದು. ಆಮೇಲೆ ಎರಡೂ ಮಡ್‌ಗಾರ್ಡಿನ ಅಂಚಿನಿಂದ ನೆಲಕ್ಕೆ ಟೇಪು ಹಿಡಿಯುತ್ತಾನೆ. ಕೆಲವು ನೂರು ಕಿಲೋಮೀಟರ್ ಓಡಿಸಿ ತರಲು ಹೇಳಿ, ಹೊಸ ಬುಷ್‌ಗಳು ಕೂತ ಮೇಲೆ ಮತ್ತೆ ಟೇಪು ಹಿಡಿಯುತ್ತಾನೆ. ಎಡಗಡೆ ಆರು ಮಿಲಿಮೀಟರ್ ತಗ್ಗಿದ್ದರೆ ಮಾತಿಲ್ಲದೆ ಜಾಕ್ ಎಳೆದುಕೊಳ್ಳುತ್ತಾನೆ: ಒಳಗೆ ಒಂದು ಹಲ್ಲು, ಹೊರಗೆ ಒಂದು ಹಲ್ಲು.