ಮದುವೆಗೆ ಮುಂಚೆ ಬರೆದ ನಾಮಿನಿ ಹೆಸರು ಈಗಲೂ ನಡೆಯುತ್ತಾ?

ಇವತ್ತಿನ ವಿಷಯ ಮನೆಯಲ್ಲಿ ಮಾತಾಡೋಕೆ ಸ್ವಲ್ಪ ಮುಜುಗರ. ಆದರೆ ಅಪ್ಪ-ಅಮ್ಮನನ್ನ ಊರಲ್ಲಿ ಬಿಟ್ಟು ಪುಣೆ, ಹೈದರಾಬಾದ್, ಚೆನ್ನೈ ಅಂತ ದುಡೀತಿರೋ ನಮಗೆಲ್ಲ ಬೇಕಾದದ್ದು.

ಮೊದಲ ಕೆಲಸಕ್ಕೆ ಸೇರಿದ ದಿನ ಒಂದು ಕಟ್ಟು ಫಾರ್ಮ್ ಕೊಡ್ತಾರೆ. ನಾಮಿನಿ ಅಂತ ಇದ್ದ ಕಡೆಯೆಲ್ಲ ಅಮ್ಮನ ಹೆಸರೋ ಅಪ್ಪನ ಹೆಸರೋ ಬರೆದುಬಿಡ್ತೀವಿ. ಆಮೇಲೆ ಮದುವೆ, ಮಗು, ಮೂರು ಕಂಪನಿ. ಆ ಹೆಸರು ಮಾತ್ರ ಹಾಗೇ ಉಳಿದಿರುತ್ತೆ.

ಇಂಥದೇ ಒಂದು ಕೇಸು ಕರ್ನಾಟಕ ಹೈಕೋರ್ಟಿಗೆ ಬಂದಿತ್ತು. ಮದುವೆಗೆ ಮುಂಚೆ ವಿಮೆ ಮಾಡಿಸಿ ತಾಯಿಯನ್ನ ನಾಮಿನಿ ಮಾಡಿದ್ದರು. ಮದುವೆಯಾಗಿ ಮಗು ಹುಟ್ಟಿದ ಮೇಲೂ ಬದಲಾಯಿಸಲಿಲ್ಲ. ಅವರು ತೀರಿಕೊಂಡಾಗ ಅತ್ತೆ-ಸೊಸೆ ಕೋರ್ಟ್ ಮೆಟ್ಟಿಲು ಹತ್ತಿದರು. 2025ರಲ್ಲಿ ಬಂದ ತೀರ್ಪು: ವಾರಸುದಾರರು ಹಕ್ಕು ಕೇಳಿದರೆ ವಾರಸಾ ಕಾನೂನೇ ಮೇಲು. ತಾಯಿ, ಹೆಂಡತಿ, ಮಗು, ಮೂವರಿಗೂ ಮೂರರಲ್ಲಿ ಒಂದು ಪಾಲು.

ಹಾಗಾದರೆ ನಾಮಿನಿ ಅಂದರೆ ಯಾರು? ಬ್ಯಾಂಕ್ ಖಾತೆ, ಷೇರುಗಳಲ್ಲಿ ನಾಮಿನಿ ಅಂದರೆ ದುಡ್ಡನ್ನ ಕೈಗೆ ತೆಗೆದುಕೊಳ್ಳುವವರು, ಅಷ್ಟೇ. ಮಾಲೀಕರಲ್ಲ. ಕಂಪನಿ ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನೇ ಹೇಳಿದೆ. ಕೊನೆಗೆ ಅದು ವಾರಸುದಾರರಿಗೆ ಸೇರಬೇಕು.

ಆ ವಾರಸುದಾರರು ಯಾರು ಅನ್ನೋದರಲ್ಲೇ ನಾವು ಎಡವೋದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಗಂಡಸು ವಿಲ್ ಬರೆಯದೆ ತೀರಿಕೊಂಡರೆ ತಾಯಿ, ಹೆಂಡತಿ, ಮಕ್ಕಳಿಗೆ ಸಮಪಾಲು. ಗಮನಿಸಿ, ಅಪ್ಪ ಈ ಮೊದಲ ವರ್ಗದಲ್ಲಿ ಇಲ್ಲ. ಮೊದಲ ವರ್ಗದವರು ಯಾರೂ ಇಲ್ಲದಿದ್ದರೆ ಮಾತ್ರ ಅಪ್ಪನ ಸರದಿ. ಅಮ್ಮ ಇಲ್ಲದೆ ಅಪ್ಪ ಒಬ್ಬರೇ ಊರಲ್ಲಿದ್ದು ನಿಮ್ಮನ್ನೇ ನಂಬಿದ್ದರೆ ಯೋಚನೆ ಮಾಡಿ.

ಹೆಣ್ಣುಮಕ್ಕಳಿಗೆ ಇನ್ನೂ ಕಷ್ಟ. ಅವರು ಸ್ವಂತ ದುಡಿದ ಆಸ್ತಿಗೂ ಮೊದಲು ಗಂಡ ಮತ್ತು ಮಕ್ಕಳು. ಅವರಿಲ್ಲದಿದ್ದರೆ ಗಂಡನ ವಾರಸುದಾರರು. ಅದಾದ ಮೇಲೆ ತವರಿನ ಅಪ್ಪ-ಅಮ್ಮ! ತಿಂಗಳು ತಿಂಗಳು ತವರಿಗೆ ದುಡ್ಡು ಕಳಿಸೋ ಅಕ್ಕ-ತಂಗಿಯರು ಇದನ್ನ ತಿಳಿದಿರಲೇಬೇಕು.

ಈಗ ಏನು ಮಾಡಬೇಕು?

ಒಂದು, ಪಿಎಫ್. ಮದುವೆಯಾದ ಮೇಲೆ ಹೊಸದಾಗಿ ನಾಮಿನೇಷನ್ ಕೊಡಬೇಕು, ಹಳೆಯದನ್ನ ನಂಬಿ ಕೂರಬೇಡಿ. ಯುಎಎನ್ ಪೋರ್ಟಲ್‌ನಲ್ಲಿ ಲಾಗಿನ್ ಆಗಿ ಇ-ನಾಮಿನೇಷನ್ ತೆಗೆದು, ಕುಟುಂಬದವರ ಆಧಾರ್ ವಿವರ ತುಂಬಿ, ಆಧಾರ್ ಓಟಿಪಿಯಿಂದ ಇ-ಸೈನ್ ಮಾಡಿ. ಸೇವ್ ಮಾಡಿ ಇ-ಸೈನ್ ಬಿಟ್ಟರೆ ಕೆಲಸ ಮುಗಿದಂತಲ್ಲ. ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಬರುವ ಇಡಿಎಲ್ಐ ವಿಮೆಯ ಹಣವೂ, ಅಂದರೆ ಗರಿಷ್ಠ 7 ಲಕ್ಷ ರೂಪಾಯಿ, ಇದರ ಜೊತೆಗೇ ಬರುತ್ತೆ.

ಎರಡು, ಬ್ಯಾಂಕ್. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ಕು ನಾಮಿನಿಗಳವರೆಗೆ ಇಡಬಹುದು. ಠೇವಣಿಗೆ ಯಾರಿಗೆ ಎಷ್ಟು ಶೇಕಡಾ ಅಂತಲೂ ಬರೆಯಬಹುದು. ಹಾಗಾಗಿ ಅಮ್ಮನೋ ಹೆಂಡತಿಯೋ ಅನ್ನೋ ಜಗಳ ಬೇಡ. ಮ್ಯೂಚುವಲ್ ಫಂಡ್, ಡಿಮ್ಯಾಟ್, ಟರ್ಮ್ ಇನ್ಶೂರೆನ್ಸ್ ಕೂಡ ಒಮ್ಮೆ ನೋಡಿಬಿಡಿ.

ಮೂರು, ವಿಲ್. ಹೆಚ್ಚು ಜನ ಬಿಟ್ಟುಬಿಡೋದು ಇದನ್ನೇ. ವಿಲ್‌ಗೆ ಸ್ಟಾಂಪ್ ಪೇಪರ್ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಬಿಳಿ ಹಾಳೆಯಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ಅವರ ಸಹಿಯನ್ನೂ ಹಾಕಿಸಿ. ಪಾಲು ಪಡೆಯುವವರು ಸಾಕ್ಷಿ ಆಗದಿರಲಿ. ಅಪ್ಪನಿಗೆ ಇಷ್ಟು, ಹೆಂಡತಿಗೆ ಇಷ್ಟು ಅಂತ ನೀವೇ ಬರೆದರೆ ನಿಮ್ಮ ಮಾತು ನಡೆಯುತ್ತೆ.

ಕೊನೆಗೆ ಒಂದು ಮಾತು. ಇದನ್ನೆಲ್ಲ ಗುಟ್ಟಾಗಿ ಮಾಡಬೇಡಿ. ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮ, ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿ. "ಬಿಡ್ತು ಅನ್ನೋ" ಅಂತ ಅಮ್ಮ ಬೈತಾರೆ. ಬೈಸಿಕೊಳ್ಳಿ, ಪರವಾಗಿಲ್ಲ. ನಾಳೆ ಅವರಿಬ್ಬರೂ ಕೋರ್ಟಿಗೆ ಅಲೆಯೋದು ತಪ್ಪುತ್ತೆ.