ಹಟ್ಟಿಯಲ್ಲಿ ಕೂತು ಕಲಿಯುವ ವಿದ್ಯೆ

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಿಂದ ಕುದಾಪುರದ ಕಡೆ ಹೊರಟರೆ ಬಯಲಿನ ನಡುವೆ ಗೋಡೆ, ಬೇಲಿ ಕಾಣಿಸತೊಡಗುತ್ತವೆ. ಒಳಗಿರುವುದು ಭಾರತೀಯ ವಿಜ್ಞಾನ ಸಂಸ್ಥೆಯ 1500 ಎಕರೆಯ ಎರಡನೇ ಕ್ಯಾಂಪಸ್. ನಾಡಿನ ವಿಜ್ಞಾನ, ಗಣಿತದ ಮೇಷ್ಟ್ರುಗಳು ತರಬೇತಿಗೆ ಬರುವುದು ಇಲ್ಲಿಗೇ. ಸುತ್ತ ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಕೊಟ್ಟ ಜಮೀನು. 2023ರ ಏಪ್ರಿಲ್ 2ರಂದು ಇಸ್ರೊದ ಮರುಬಳಕೆ ವಾಹನ ಹೆಲಿಕಾಪ್ಟರಿನಿಂದ ಕಳಚಿಕೊಂಡು ತಾನೇ ತಾನಾಗಿ ನೆಲಕ್ಕಿಳಿದದ್ದು ಇದೇ ಚಳ್ಳಕೆರೆ ತಾಲ್ಲೂಕಿನಲ್ಲಿ. ಇಷ್ಟೆಲ್ಲ ವಿಜ್ಞಾನ ಬಂದಿರುವ ನೆಲಕ್ಕೆ ಇನ್ನೊಂದು ವಿದ್ಯೆಯೂ ಬೇಕಿತ್ತು, ಈಗಲೂ ಬೇಕು ಎಂಬುದು ನನ್ನ ನಂಬಿಕೆ. ಅದೇ ಮಾನವಶಾಸ್ತ್ರ, ಅದರ ಒಡಹುಟ್ಟಿನಂತಿರುವ ಸಮಾಜಶಾಸ್ತ್ರ.

ಯಾಕೆ ಬೇಕು ಎಂಬುದಕ್ಕೆ ಕಾವಲಿನ ಕಥೆಯೇ ಸಾಕು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಗೆ ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ. ಆ ದನಗಳ ಮೇವಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಕುದಾಪುರ, ವರವು, ಉಳ್ಳಾರ್ತಿಯ ಕಾವಲುಗಳು ಆ ಸಾಲಿನವು. ಹೊರಗಿನಿಂದ ಬಂದ ಕಣ್ಣಿಗೆ ಅಲ್ಲಿ ಬರೀ ಒಣಹುಲ್ಲು, ಕುರುಚಲು ಗಿಡ. ಹಟ್ಟಿಯವರಿಗೆ ಅದು ಕುರಿ, ದನದ ಮೇವು, ಸೌದೆ, ಗುಡಿಗೆ ಹೋಗುವ ದಾರಿ. ಹುಲ್ಲಿದ್ದರೆ ಕುರಿ, ಕುರಿಯಿದ್ದರೆ ಉಣ್ಣೆ, ಉಣ್ಣೆಯಿದ್ದರೆ ಚಳ್ಳಕೆರೆಯ ಕಂಬಳಿ. ಈ ಕಾವಲುಗಳ ಜಮೀನು ಸಂಸ್ಥೆಗಳಿಗೆ ಹಂಚಿಕೆಯಾದದ್ದು ಬೇಲಿ ಎದ್ದಾಗಲೇ ತಿಳಿಯಿತೆಂದು ಹಳ್ಳಿಗರು ಹೇಳಿದರು. 2013ರಲ್ಲಿ ವ್ಯಾಜ್ಯ ಚೆನ್ನೈನ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು. ಸಂಶೋಧನೆಗೆ ಜಾಗ ಬೇಡವೆಂದು ನಾನು ಹೇಳುತ್ತಿಲ್ಲ. ನಕ್ಷೆ ಬರೆಯುವ ಮೊದಲು ಒಬ್ಬ ಮಾನವಶಾಸ್ತ್ರಜ್ಞ ಒಂದು ವರ್ಷ ಇಲ್ಲಿ ಇದ್ದಿದ್ದರೆ ಈ ನೆಲ 'ಖಾಲಿ' ಎಂಬ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಒಂದು ವರ್ಷ ಇರುವುದು ಎಂದೆನಲ್ಲ, ಈ ವಿದ್ಯೆಯ ಹೂರಣವೇ ಅದು. ಪ್ರಶ್ನಾವಳಿ ಹಿಡಿದು ಬಂದು ಸಂಜೆಯ ಬಸ್ಸಿಗೆ ಹೊರಟುಹೋಗುವುದಲ್ಲ. ಮಾತು ಕಲಿಯಬೇಕು, ಒಂದು ಮಳೆಗಾಲ, ಒಂದು ಬೇಸಿಗೆ, ಒಂದು ಜಾತ್ರೆ, ಒಂದು ಸಾವು, ಒಂದು ಮದುವೆ ನೋಡಬೇಕು. ಇದನ್ನು ಕ್ಷೇತ್ರಕಾರ್ಯ ಎನ್ನುತ್ತಾರೆ.

ಇಂಥ ಕ್ಷೇತ್ರಕಾರ್ಯಕ್ಕೆ ಹೆಸರಾದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಹುಟ್ಟಿದ್ದು 1916ರಲ್ಲಿ, ಮೈಸೂರಿನಲ್ಲಿ. ಆಕ್ಸ್‌ಫರ್ಡಿನಲ್ಲಿ ಅವರ ಗುರುಗಳಲ್ಲಿ ಒಬ್ಬರು ಇವಾನ್ಸ್-ಪ್ರಿಚರ್ಡ್. ಈಗಿನ ದಕ್ಷಿಣ ಸುಡಾನಿನ ನ್ಯೂಯರ್ ಎಂಬ ದನಗಾಹಿಗಳ ಬಗ್ಗೆ 1940ರಲ್ಲಿ ಪುಸ್ತಕ ಬರೆದವರು. ನ್ಯೂಯರ್ ಹುಡುಗರು ತಮ್ಮ ಪ್ರೀತಿಯ ಎತ್ತಿನ ಹೆಸರನ್ನು ತಮಗೇ ಇಟ್ಟುಕೊಳ್ಳುತ್ತಾರೆ. ಚಳ್ಳಕೆರೆ, ಮೊಳಕಾಲ್ಮೂರಿನ ಮ್ಯಾಸಬೇಡ ಸಮುದಾಯದ ದೇವರ ಎತ್ತುಗಳನ್ನು, ಅವನ್ನು ಕಾಯುವುದನ್ನೇ ಸೇವೆಯೆಂದು ಬಾಳುವ ಕಿಲಾರಿಯನ್ನು ನೋಡಿದವರಿಗೆ ಈ ಸಂಗತಿ ದೂರದ್ದು ಅನ್ನಿಸುವುದಿಲ್ಲ. ಆದರೆ ಎರಡೂ ಒಂದೇ ಅಲ್ಲ. ಇಲ್ಲಿ ಎತ್ತು ಒಬ್ಬನದಲ್ಲ, ದೇವರದು. ಒಂದೇ ಗುಡಿಗೆ ನಡೆದುಕೊಳ್ಳುವ, ಗುಡಿಕಟ್ಟು ಎನ್ನುವ ಕುಲವನ್ನು ಒಟ್ಟಿಗೆ ಹಿಡಿದಿಟ್ಟಿರುವುದು ಆ ದೇವರೇ. ಎಲ್ಲಿ ಹೋಲುತ್ತದೆ, ಎಲ್ಲಿ ಬೇರೆಯಾಗುತ್ತದೆ, ಏಕೆ ಎಂದು ಬಿಡಿಸುತ್ತ ಹೋಗುವುದೇ ತೌಲನಿಕ ಅಧ್ಯಯನ.

1948ರಲ್ಲಿ ಶ್ರೀನಿವಾಸ್ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಉಳಿದು ಕ್ಷೇತ್ರಕಾರ್ಯ ಮಾಡಿದರು. ಬರಹದಲ್ಲಿ ಅದನ್ನು ರಾಂಪುರ ಎಂದು ಕರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಅವರು ವರ್ಷಗಟ್ಟಲೆ ಒಪ್ಪಮಾಡಿಟ್ಟಿದ್ದ ಟಿಪ್ಪಣಿಗಳ ಪ್ರತಿಗಳೆಲ್ಲ ಸುಟ್ಟುಹೋದವು. ಆಮೇಲೆ ಹೆಚ್ಚಾಗಿ ನೆನಪಿನಿಂದ ಬರೆದ ಪುಸ್ತಕ 1976ರಲ್ಲಿ ಬಂತು. ಕಾಗದ ಸುಟ್ಟ ಮೇಲೂ ಊರು ಅವರೊಳಗೆ ಉಳಿದಿತ್ತು ಎಂಬುದು ನನಗೆ ಇಂದಿಗೂ ಸೋಜಿಗ.

ನಂಟಸ್ತಿಕೆಯ ಮಾತುಗಳಿಂದಲೂ ಈ ವಿದ್ಯೆಯ ಬಾಗಿಲು ತೆರೆಯುತ್ತದೆ. 1871ರಲ್ಲಿ ಅಮೆರಿಕದ ವಕೀಲ ಲೂಯಿಸ್ ಹೆನ್ರಿ ಮಾರ್ಗನ್ ನೂರಕ್ಕೂ ಹೆಚ್ಚು ಜನಸಮುದಾಯಗಳ ನಂಟಿನ ಹೆಸರುಗಳನ್ನು ಪಟ್ಟಿಮಾಡಿದ. ತಮಿಳು, ತೆಲುಗಿನ ಜೊತೆ ಕನ್ನಡವೂ ಅದರಲ್ಲಿದೆ. ನ್ಯೂಯಾರ್ಕ್ ಸೀಮೆಯ ಸೆನೆಕಾ ಜನ ತಂದೆಯ ಅಣ್ಣತಮ್ಮಂದಿರನ್ನೂ ಅಪ್ಪ ಎಂದೇ ಕರೆಯುತ್ತಿದ್ದರು, ತಾಯಿಯ ಅಣ್ಣತಮ್ಮಂದಿರಿಗೆ ಬೇರೆ ಹೆಸರಿತ್ತು. ಅದೇ ಲೆಕ್ಕ ಅವನಿಗೆ ದಕ್ಷಿಣ ಭಾರತದಲ್ಲೂ ಸಿಕ್ಕಿತು. ನಮ್ಮ ದೊಡ್ಡಪ್ಪ, ಚಿಕ್ಕಪ್ಪ ಇಬ್ಬರಲ್ಲೂ 'ಅಪ್ಪ' ಇದ್ದಾನೆ, ಸೋದರಮಾವನಲ್ಲಿ ಇಲ್ಲ. ತಾಯಿಯ ತಮ್ಮನೂ ಮಾವ, ಹೆಂಡತಿಯ ಅಪ್ಪನೂ ಮಾವ. ಸೋದರಸಂಬಂಧದ ಮದುವೆಯ ಇಡೀ ಕಟ್ಟಳೆ ಆ ಒಂದು ಮಾತಿನಲ್ಲಿದೆ.

ಕರ್ನಾಟಕದಲ್ಲಿ ಮಾನವಶಾಸ್ತ್ರ ಓದಲು ಮೈಸೂರು ವಿಶ್ವವಿದ್ಯಾಲಯವಿದೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ ವಿಭಾಗವಿದೆ. ಮೈಸೂರು ಸಂಸ್ಥಾನದ ಜಾತಿ, ಬುಡಕಟ್ಟುಗಳ ಸರ್ವೇಕ್ಷಣೆಯನ್ನು ಮೊದಲು ಕೈಗೆತ್ತಿಕೊಂಡ ಎಚ್.ವಿ. ನಂಜುಂಡಯ್ಯ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿಯೂ ಆದರು. ಆ ಕಾಲದ ಸಂಪುಟಗಳಲ್ಲಿ ಹಟ್ಟಿಯ ಜನ ಬರೀ ವಿಚಿತ್ರ ಪದ್ಧತಿಗಳ ಪಟ್ಟಿಯಾಗಿ ಕಾಣುವುದು ನನಗೆ ನೋವು ಕೊಡುತ್ತದೆ. ಈಗ ಹಟ್ಟಿಯ ಮಕ್ಕಳೇ ತಮ್ಮವರ ಬಗ್ಗೆ ಪಿಎಚ್.ಡಿ. ಬರೆಯುತ್ತಿದ್ದಾರೆ. ಅಪ್ಪನ ಎದುರು ಕೂತು ಬರೆದುಕೊಳ್ಳುವವನಿಗೆ ಅಪ್ಪ ವಿಚಿತ್ರವಾಗಿ ಕಾಣುವುದಿಲ್ಲ. ಆದರೆ ಕೇಳಬೇಕಾದ ಕೆಲವು ಪ್ರಶ್ನೆಗಳು ಹತ್ತಿರದವನ ನಾಲಿಗೆಗೆ ಬರುವುದೂ ಇಲ್ಲ. ಆದ್ದರಿಂದ ಒಳಗಿನವರೂ ಬೇಕು, ಹೊರಗಿನವರೂ ಬೇಕು.

ಈ ಓದಿನಿಂದ ಕೆಲಸ ಸಿಗುತ್ತದೆಯೇ ಎಂದು ಕೇಳುವ ತಂದೆತಾಯಿಗೆ ಕುಲಶಾಸ್ತ್ರೀಯ ಅಧ್ಯಯನ ಎಂಬ ಮಾತನ್ನು ನೆನಪಿಸುತ್ತೇನೆ. ಒಂದು ಸಮುದಾಯ ಪರಿಶಿಷ್ಟ ಪಂಗಡಕ್ಕೆ ಸೇರಬೇಕೆ ಎಂಬ ತೀರ್ಮಾನದ ಹಿಂದೆ ಅಂಥದೊಂದು ವರದಿ ಇರುತ್ತದೆ. ಆ ಮನ್ನಣೆಗಾಗಿ ಇಲ್ಲಿನ ಹಟ್ಟಿಗಳ ಕಾಡುಗೊಲ್ಲರು ಎಷ್ಟೋ ವರ್ಷಗಳಿಂದ ಕೇಳುತ್ತಿದ್ದಾರೆ. ಹಟ್ಟಿಯಲ್ಲಿ ಕೂತು ಬರೆದ ಪುಟ ಹಟ್ಟಿಯ ಮಗುವಿನ ಶಾಲೆಯ ಸೀಟಿನವರೆಗೂ ತಲುಪುತ್ತದೆ.

ಕುದಾಪುರವಿರುವ ತಾಲ್ಲೂಕಿನದೇ ಊರು ಯಲಗಟ್ಟೆ ಗೊಲ್ಲರಹಟ್ಟಿ. ಅಲ್ಲಿನ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡು ಬಾಳಿದವರು. ಕೃಷ್ಣಮೂರ್ತಿ ಹನೂರರು ಹಟ್ಟಿಗೆ ಹೋಗಿ ಕೂತು ಅವನ್ನು ಕೇಳಿ ಬರೆದುಕೊಂಡು ಪುಸ್ತಕ ಮಾಡಿದರು. ಹಂಪಿಯ ವಿಶ್ವವಿದ್ಯಾಲಯ ಸಿರಿಯಜ್ಜಿಯನ್ನು ನಾಡೋಜ ಎಂದು ಗೌರವಿಸಿತು.